ನೆನಪಿನಲ್ಲಿರುವ ಆಸ್ತಿ

ಕಣ್ಣು ಕಂಡದ್ದನ್ನೆಲ್ಲ ಇದ್ದಂತೆಯೇ ಹಿಡಿದಿಡುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲವೆಂಬುದನ್ನು 1889ರಲ್ಲಿ ಜರ್ಮನಿಯ ಫ್ರಾಂಜ್ ಮ್ಯೂಲರ್-ಲೈಯರ್ ಪ್ರಕಟಿಸಿದ ಚಿತ್ರವೊಂದು ತೋರಿಸಿಕೊಡುತ್ತದೆ. ಸಮನಾದ ಎರಡು ಗೆರೆಗಳಲ್ಲಿ ಒಂದರ ತುದಿಗಳಿಗೆ ಒಳಕ್ಕೆ ಬಾಗಿದ, ಇನ್ನೊಂದರ ತುದಿಗಳಿಗೆ ಹೊರಕ್ಕೆ ಚಾಚಿದ ಗರಿಗಳನ್ನು ಬರೆದರೆ, ಅಳೆದು ನೋಡಿ ಎರಡೂ ಸಮವೆಂದು ಖಚಿತವಾದ ಮೇಲೂ ಎರಡನೆಯದೇ ಉದ್ದವಾಗಿ ಕಾಣುತ್ತದೆ. ದೃಷ್ಟಿಭ್ರಮೆ ಎಂದು ಕರೆಯಲಾಗುವ ಈ ವಿದ್ಯಮಾನಕ್ಕೆ ಕಣ್ಣಿನ ದೋಷ ಕಾರಣವಲ್ಲ. ಮಿದುಳು ಬಿಡಿ ಗೆರೆಯನ್ನಲ್ಲದೆ ಇಡೀ ಆಕೃತಿಯನ್ನು ಗ್ರಹಿಸುತ್ತದೆ, ಮತ್ತು ನೆನಪಿನಲ್ಲಿ ಉಳಿಯುವುದು ಬಹುಮಟ್ಟಿಗೆ ಒಟ್ಟು ಚಹರೆಯೇ.

ನಕಲು ಹೊದಿಕೆಯ ವ್ಯಾಪಾರ ನಿಂತಿರುವುದು ಇದರ ಮೇಲೆಯೇ. ಪಾರ್ಲೆ ಕಂಪನಿಯ ಗ್ಲುಕೋ ಬಿಸ್ಕತ್ತಿನ ಹೊದಿಕೆಯ ಮೇಲೆ ನೀರಿನ ಪಾತ್ರೆ ಹಿಡಿದ ಹುಡುಗಿ, ಸುತ್ತ ಹಸುಗಳು ಮತ್ತು ಕೋಳಿಗಳು ಇದ್ದವು, ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಹೊದಿಕೆಯಲ್ಲಿಯೂ ಹುಡುಗಿಯಿದ್ದಳು, ಆದರೆ ಅವಳ ತಲೆಯ ಮೇಲೆ ಹುಲ್ಲಿನ ಹೊರೆಯಿತ್ತು. ವ್ಯತ್ಯಾಸಗಳಿಗೇ ಹೆಚ್ಚು ತೂಕ ಕೊಟ್ಟ ಹೈಕೋರ್ಟ್ ಪಾರ್ಲೆಯ ವಾದವನ್ನು ಒಪ್ಪಲಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಎರಡು ಹೊದಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಾದ ವಿಧಾನವಲ್ಲವೆಂದೂ, ಸಾಮಾನ್ಯ ಗಿರಾಕಿಗೆ ಷರ್ಲಾಕ್ ಹೋಮ್ಸ್‌ನ ಕಣ್ಣಿಲ್ಲವೆಂದೂ ಹೇಳಿತು. ಬಿಸ್ಕತ್ತು ಕೊಳ್ಳಲು ಬಂದವರು ಹಸುಗಳನ್ನೂ ಕೋಳಿಗಳನ್ನೂ ಎಣಿಸುತ್ತಾ ನಿಲ್ಲುವುದಿಲ್ಲವಲ್ಲ! ಮಸುಕಾದ ನೆನಪನ್ನೇ ಅಳತೆಗೋಲಾಗಿಸಿಕೊಂಡ ಈ ತೀರ್ಪು ಗ್ರಹಿಕೆಯ ವಿಜ್ಞಾನಕ್ಕೆ ಕೆಳಗಿನ ನ್ಯಾಯಾಲಯದ ಎಣಿಕೆಗಿಂತ ಹತ್ತಿರವಾಗಿದೆ.

ಇಂಥ ನಕಲಿನಿಂದ ಕಾಪಾಡಿಕೊಳ್ಳಲು, ಸರಕನ್ನು ಗುರುತಿಸುವ ಹೆಸರು ಅಥವಾ ಚಿಹ್ನೆಯಾದ ಟ್ರೇಡ್‌ಮಾರ್ಕನ್ನು 1999ರ ಕಾಯ್ದೆಯ ಪ್ರಕಾರ ನೋಂದಾಯಿಸಿದರೆ ಹತ್ತು ವರ್ಷಗಳ ರಕ್ಷಣೆ ದೊರೆಯುತ್ತದೆ, ಮತ್ತು ಅದನ್ನು ಎಷ್ಟು ಸಲ ಬೇಕಾದರೂ ನವೀಕರಿಸಬಹುದು.

ಇಷ್ಟೆಲ್ಲ ಕಾಪಾಡಿಕೊಂಡ ಹೆಸರಿನ ಬೆಲೆಯನ್ನು ಲೆಕ್ಕಪತ್ರದಲ್ಲಿ ಹುಡುಕಿದವರಿಗೆ ಮಾತ್ರ ಅಚ್ಚರಿ ಕಾದಿರುತ್ತದೆ. ಕಂಪನಿಯ ಆಸ್ತಿ ಮತ್ತು ಸಾಲಗಳನ್ನು ತೋರಿಸುವ ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರಕ್ಕೂ ಕಟ್ಟಡಕ್ಕೂ ಸ್ಥಾನವಿದ್ದರೂ, ಕಂಪನಿ ತಾನೇ ಬೆಳೆಸಿದ ಬ್ರ್ಯಾಂಡನ್ನು ಆಸ್ತಿಯೆಂದು ನಮೂದಿಸಲು ಭಾರತದ ಲೆಕ್ಕಪತ್ರ ಮಾನದಂಡಗಳು ಅವಕಾಶ ಕೊಡುವುದಿಲ್ಲ, ಏಕೆಂದರೆ ಅದಕ್ಕೆ ತಗಲಿದ ವೆಚ್ಚವನ್ನು ಇಡೀ ವ್ಯವಹಾರವನ್ನು ಬೆಳೆಸಿದ ವೆಚ್ಚದಿಂದ ಬೇರ್ಪಡಿಸಲಾಗದು. ಹಣ ಕೊಟ್ಟು ಕೊಂಡ ಬ್ರ್ಯಾಂಡಿನ ಬೆಲೆಯಾದರೋ ಖಚಿತ: ಹಾರ್ಲಿಕ್ಸ್ ಹೆಸರಿನ ಭಾರತದ ಹಕ್ಕಿಗಾಗಿ 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಕೊಟ್ಟದ್ದು 3,045 ಕೋಟಿ ರೂಪಾಯಿ. ಒಂದು ಶತಮಾನದಿಂದ ಕನ್ನಡಿಗರ ಮನೆಮಾತಾಗಿರುವ ಮೈಸೂರು ಸ್ಯಾಂಡಲ್ ಸೋಪಿನ ಹೆಸರನ್ನು ಯಾರೂ ಕೊಂಡು ತಂದದ್ದಲ್ಲವಾದ್ದರಿಂದ, ಇದೇ ನಿಯಮದಂತೆ ಅದಕ್ಕೆ ಆ ಪುಟದಲ್ಲಿ ಒಂದು ಸಾಲೂ ಸಲ್ಲುವುದಿಲ್ಲ.