ಟೀಚರಿಗೂ ಒಬ್ಬ ಕೋಚ್

ಬೆಂಗಳೂರಿಗೂ ಮೊದಲು ಕರೆಂಟ್ ಬಂದ ಊರು ಯಾವುದು ಗೊತ್ತಾ?
ನಮ್ಮ ಕೆಜಿಎಫ್!
1902ರಲ್ಲೇ, ಶಿವನಸಮುದ್ರದಿಂದ.

ಅಂಥ ಊರಲ್ಲಿ ಇವತ್ತು ಶಾಲೆಗೆ ಕಂಪ್ಯೂಟರ್ ತರೋದು ದೊಡ್ಡ ವಿಷಯ ಅಲ್ಲ.
ಅದು ಮೇಷ್ಟ್ರ ಕೈಗೆ ಒಗ್ಗಬೇಕಲ್ಲ?

ಅದಕ್ಕೇ ಟೆಕ್ನಾಲಜಿ ಕೋಚ್.
ಇವರು ರಿಪೇರಿಯವರಲ್ಲ.
ಹೊಸಬನ ಜೊತೆ ಗಣಿಗೆ ಇಳಿಯೋ
ಹಳೇ ಮೇಸ್ತ್ರಿ ಥರ,
ಟೀಚರ್ ಪಕ್ಕದಲ್ಲೇ ಇರ್ತಾರೆ.

ತ್ರಿಭುಜದ ಪಾಠಕ್ಕೆ ಜಿಯೋಜೀಬ್ರಾ ಸಾಫ್ಟ್‌ವೇರ್ ಬೇಕಾ?
ಸೀಮೆಸುಣ್ಣ ಸಾಕಾ?
ಕ್ಲಾಸಲ್ಲೇ ಕೂತು, ನೋಡಿ ಹೇಳ್ತಾರೆ.
ಎಷ್ಟೋ ಸಲ ಸೀಮೆಸುಣ್ಣವೇ ಗೆಲ್ಲುತ್ತೆ, ಬಿಡಿ!

ಸರ್ಕಾರಿ ಪ್ರೌಢಶಾಲೆ ಶಿಕ್ಷಕರಿಗೆ
ತಂತ್ರಜ್ಞಾನ ಬಳಸಿ ಪಾಠ ಮಾಡೋಕೆ ಟಾಲ್ಪ್ ಅನ್ನೋ ತರಬೇತಿ ಕೊಟ್ಟಿದ್ದಾರೆ. ಒಳ್ಳೇದೇ.
ಆದ್ರೆ ತರಬೇತಿ ಮುಗಿದ ಮೇಲಿನ ಸೋಮವಾರ?
ಅನುಮಾನ ಬಂದ್ರೆ ಯಾರನ್ನ ಕೇಳ್ಬೇಕು?

ನಿಮ್ಮ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೇಲಿ
ಈ ಪ್ರಶ್ನೆ ನೀವೇ ಎತ್ತಿ.