ಹೊಡೆತ ತಿಂದ ಮಗು ಗಟ್ಟಿಯಾಗುತ್ತದೆಯೇ?

“ಹೊಡತಾ ತಿಂದು ಬೆಳದ್ರನ ಹುಡುಗ್ರು ಗಟ್ಟಿ ಆಗ್ತಾವ. ನಾವೇನ್ ಹಾಳಾದ್ವೇನು?” ಹಿಪ್ಪರಗಿ ಬ್ಯಾರೇಜಿನ ಆಸುಪಾಸಿನ ಕಬ್ಬಿನ ಊರುಗಳಲ್ಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಈ ಮಾತು ಕೇಳದವರಿಲ್ಲ.

ಗಟ್ಟಿಯಾಗುವುದಿಲ್ಲ, ಎಚ್ಚರವಾಗುತ್ತದೆ. ಕುಡಿದು ಬರುವ ಅಪ್ಪನ ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿದೊಡನೆ ಹತ್ತು ವರ್ಷದ ಹುಡುಗ ಪುಸ್ತಕ ಮುಚ್ಚುತ್ತಾನೆ, ತಂಗಿಯನ್ನು ಒಳಕೋಣೆಗೆ ಕಳಿಸುತ್ತಾನೆ, ಅವ್ವನ ಮುಖ ನೋಡುತ್ತಾನೆ. ಎದೆ ಬಡಿತ ಏರುತ್ತದೆ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಹರಿಯುತ್ತದೆ. ಒಂದು ದಿನಕ್ಕಾದರೆ ಇದು ರಕ್ಷಣೆ. ದಿನವೂ ಆದರೆ ಮಿದುಳು ಅದನ್ನೇ ರೂಢಿ ಮಾಡಿಕೊಳ್ಳುತ್ತದೆ. ಆಮೇಲೆ ಶಾಲೆಯಲ್ಲಿ ಮಾಸ್ತರರು ದನಿ ಏರಿಸಿದರೂ ಅವನು ಬೆಚ್ಚುತ್ತಾನೆ, ಇಲ್ಲವೇ ಪಕ್ಕದವನ ಮೇಲೆ ಕೈ ಎತ್ತುತ್ತಾನೆ. ನಾವು ಅವನಿಗೆ ‘ಉಡಾಳ’ ಎಂದು ಹೆಸರಿಡುತ್ತೇವೆ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಬಾಲ್ಯದಲ್ಲಿ ಹೊಡೆತ, ಮನೆಯೊಳಗಿನ ಹಿಂಸೆ, ಕುಡಿತದಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಉಂಡವರಿಗೆ ಖಿನ್ನತೆ, ವ್ಯಸನ, ಆತ್ಮಹತ್ಯೆ ಪ್ರಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚು. ಅದರಲ್ಲಿ ಇದ್ದವರು ಹೆಚ್ಚಾಗಿ ಮಧ್ಯಮ ವರ್ಗದವರು. ಹಾಗಾಗಿ ಹೊಡೆದಾಟ ಬಡವರ ಮನೆಯ ಚಾಳಿ ಎಂದು ಯಾರೂ ಮೂಗು ಮುರಿಯಬೇಕಿಲ್ಲ.

“ಸಣ್ಣ ಕೂಸು, ಅದಕ್ಕೇನ್ ತಿಳೀತೈತಿ?” ಎನ್ನುವುದೂ ಹಾಗೆಯೇ. ತಿಳಿದದ್ದನ್ನು ಹೇಳಲು ಮಾತಿರುವುದಿಲ್ಲ, ಅಷ್ಟೇ. ಪದೇ ಪದೇ ಹೊಟ್ಟೆನೋವು, ನಿದ್ದೆಯಲ್ಲಿ ಚೀರುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು: ತಾಯತ ಕಟ್ಟಿಸುವ ಮುನ್ನ ಮನೆಯೊಳಗೆ ಏನು ನಡೆದಿದೆ ಎಂದು ನೋಡಬೇಕು.

ಬಡತನದ ಬಗ್ಗೆ ಎರಡು ಸುಳ್ಳುಗಳಿವೆ, ಒಂದಕ್ಕೊಂದು ತದ್ವಿರುದ್ಧ. ದುಡಿದು ಉಣ್ಣುವವರಿಗೆ ಡಿಪ್ರೆಶನ್ ಎಲ್ಲಿಂದ ಬರಬೇಕು ಎಂಬುದೊಂದು. ಬುದ್ಧಿ ನೆಟ್ಟಗಿಲ್ಲದ್ದಕ್ಕೇ ಅವರು ಬಡವರು ಎಂಬುದು ಇನ್ನೊಂದು. ಎರಡನೆಯದಕ್ಕೆ ನಮ್ಮ ಕಬ್ಬಿನ ನಾಡಿಗೆ ಚೆನ್ನಾಗಿ ಅರ್ಥವಾಗುವ ಉತ್ತರವಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿನ ಮೊದಲು, ಕೈ ಖಾಲಿಯಿದ್ದಾಗ ಒಮ್ಮೆ, ಹಣ ಬಂದ ಮೇಲೆ ಇನ್ನೊಮ್ಮೆ ಸಂಶೋಧಕರು ಬುದ್ಧಿ ಪರೀಕ್ಷೆಗೆ ಒಳಪಡಿಸಿದರು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ: ಅದೇ ರೈತ, ಹಣ ಬಂದ ಮೇಲೆ ಹೆಚ್ಚು ಚುರುಕು. ಮುಧೋಳ, ಜಮಖಂಡಿ ಕಡೆ ಕಾರ್ಖಾನೆಯ ಬಿಲ್ಲು ತಡವಾದಾಗ ಮನೆಯಲ್ಲಿ ಯಾರ ಮೇಲೆ ಯಾರು ಹರಿಹಾಯುತ್ತಾರೆ ಎಂದು ಬಿಡಿಸಿ ಹೇಳಬೇಕೇ?

ಮಕ್ಕಳ ಮಟ್ಟಿಗೂ ಇಂಥದೊಂದು ಪುರಾವೆಯಿದೆ. ಅಮೆರಿಕದ ಚೆರೋಕೀ ಮೂಲನಿವಾಸಿಗಳ ನೆಲದಲ್ಲಿ 1990ರ ದಶಕದಲ್ಲಿ ಕ್ಯಾಸಿನೊ ಶುರುವಾಗಿ, ಲಾಭದ ಪಾಲು ಮನೆಮನೆಗೆ ಬರತೊಡಗಿತು. ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳಲ್ಲಿ ಜಗಳಗಂಟಿತನ, ಹಟಮಾರಿತನ ಇಳಿದು, ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಬಂತು. ಆತಂಕ, ಖಿನ್ನತೆ ಮಾತ್ರ ಅಷ್ಟಾಗಿ ಕದಲಲಿಲ್ಲ. ದುಡ್ಡಿನಿಂದ ಎಲ್ಲವೂ ಆಗುವುದಿಲ್ಲ, ಆದರೆ ಸ್ವಲ್ಪವಂತೂ ಆಗುತ್ತದೆ. ನಮ್ಮ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯ ಲಾಭನಷ್ಟ ಲೆಕ್ಕ ಹಾಕುವವರು ಮಕ್ಕಳ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿದರೆ ಒಳ್ಳೆಯದು.

“ಅಪ್ಪನಂಗ ಮಗ, ಅವನ ಹಣೇಬರಹ ಅಷ್ಟ.” ಇದೂ ಸುಳ್ಳು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಜಗಳ, ಪೋಷಕರ ಕುಡಿತದ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ಸಮರ್ಥರಾಗಿ ಬಾಳಿದರು. ಅವರ ಪಾಲಿಗೆ ಅಜ್ಜಿಯೋ ಚಿಕ್ಕಮ್ಮನೋ ಶಿಕ್ಷಕರೋ, ನೆಚ್ಚಿಕೊಳ್ಳಬಹುದಾದ ಒಬ್ಬರಾದರೂ ಇದ್ದರು. ಹಾಗೆಂದು ಉಳಿದ ಎರಡು ಪಾಲಿನವರು ದುರ್ಬಲರೆಂದಲ್ಲ. ಅವರಲ್ಲೂ ಅನೇಕರು ನಲವತ್ತು ಮುಟ್ಟುವಷ್ಟರಲ್ಲಿ ಚೇತರಿಸಿಕೊಂಡಿದ್ದರು.

ಕೊನೆಯದು ಧಾರವಾಡದ ಮಾನಸಿಕ ಆಸ್ಪತ್ರೆಯ ಭಯ. ನಮ್ಮಲ್ಲಿ ‘ಧಾರವಾಡಕ್ಕ ಕಳಸ್ಬೇಕು’ ಎಂದರೆ ಬೈಗುಳ. ವಯಸ್ಸಿಗೆ ಬಂದ ಮಗಳನ್ನು ಅಲ್ಲಿ ತೋರಿಸಿದರೆ ಗಂಡು ಸಿಗುವುದಿಲ್ಲ ಎಂದು ಹೆತ್ತವರು ಅಂಜುತ್ತಾರೆ. ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2022ರಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಈಗಲೂ ಹೊಡೆತ ಬೀಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಆ ಕರೆಯನ್ನು ಮನೆಯವರೇ ಮಾಡಬೇಕೆಂದಿಲ್ಲ, ಗೋಡೆಯಾಚೆಯಿಂದ ಕೇಳಿಸಿಕೊಂಡ ನೆರೆಮನೆಯವರೂ ಮಾಡಬಹುದು.