ಡ್ರೈವರ್ ಸೇರಿಸಿದಾಗ ಬಿಲ್ಡ್ ಏಕೆ ಕೆಡುತ್ತದೆ?

ತಂತ್ರಾಂಶಕ್ಕೂ ಯಂತ್ರ ಅಥವಾ ಡೇಟಾಬೇಸಿಗೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕಿರುತಂತ್ರಾಂಶವೇ ಡ್ರೈವರ್. ಪರಶುರಾಂಪುರದ ಕಡೆಯಿಂದ ಚಳ್ಳಕೆರೆ ಮಾರುಕಟ್ಟೆಗೆ ಬರುವ ಶೇಂಗಾ ಮೂಟೆಗಳ ಲೆಕ್ಕ ಇಡಲು ಒಂದು ಡೆಸ್ಕ್‌ಟಾಪ್ ಆ್ಯಪ್ ಇದೆ ಎಂದುಕೊಳ್ಳಬಹುದು. ತೂಕ, ದರ, ರೈತರ ಬಾಕಿ ಎಲ್ಲವೂ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಕಡತದಲ್ಲಿ ಉಳಿಯಬೇಕಾದರೆ ಆ ಆ್ಯಪ್‌ಗೆ ಎಸ್‌ಕ್ಯೂಲೈಟ್ ಡ್ರೈವರ್ ಸೇರಿಸಬೇಕು. ತೊಡಕು ಶುರುವಾಗುವುದು ಇಲ್ಲೇ.

ಇಂಥ ಆ್ಯಪ್‌ಗಳನ್ನು ಇಂದು ಹಲವರು ಎಲೆಕ್ಟ್ರಾನ್ ಎಂಬ ಚೌಕಟ್ಟಿನಲ್ಲಿ ಜಾವಾಸ್ಕ್ರಿಪ್ಟ್ ಬಳಸಿ ಬರೆಯುತ್ತಾರೆ. ಡ್ರೈವರಿನ ಒಳಭಾಗ ಮಾತ್ರ ಸಿ ಅಥವಾ ಸಿ++ ಭಾಷೆಯದು. ಅದನ್ನು ಆಯಾ ಕಂಪ್ಯೂಟರಿಗೆ ತಕ್ಕ ಯಂತ್ರಸಂಕೇತವಾಗಿ ಕಟ್ಟುವ ಕೆಲಸವೇ ಬಿಲ್ಡ್. ಮೊದಲೇ ಕಟ್ಟಿಟ್ಟ ಕಡತ ಸಿಕ್ಕರೆ ಅನುಸ್ಥಾಪನೆ ನಿಮಿಷದಲ್ಲಿ ಮುಗಿಯುತ್ತದೆ. ಸಿಗದಿದ್ದರೆ ನೋಡ್-ಜಿಪ್ ಎಂಬ ಸಾಧನ ಅಲ್ಲೇ ಕಟ್ಟಲು ಹೊರಡುತ್ತದೆ; ಅದಕ್ಕೆ ಪೈಥಾನ್ ಮತ್ತು ಸಿ++ ಕಂಪೈಲರ್ ಎರಡೂ ಬೇಕು. ಒಂದು ಕಂಪ್ಯೂಟರಿನಲ್ಲಿ ಸಲೀಸಾಗಿ ನಡೆದದ್ದು ಪಕ್ಕದ ಕಂಪ್ಯೂಟರಿನಲ್ಲಿ ನಿಲ್ಲುವುದು ಹೀಗೆ.

ಪರದೆಯ ತುಂಬ ಹರಿಯುವ ಕೆಂಪು ಸಾಲುಗಳಲ್ಲಿ ಕೊನೆಯದು ‘ಬಿಲ್ಡ್ ವಿಫಲ’ ಎಂದಷ್ಟೇ ಹೇಳುತ್ತದೆ. ಕಾರಣ ಸಾಮಾನ್ಯವಾಗಿ ಮೇಲೆ, ಮೊದಲ ದೋಷದ ಸಾಲಿನಲ್ಲಿರುತ್ತದೆ. ಆದ್ದರಿಂದ ಓದುವುದನ್ನು ಅಲ್ಲಿಂದಲೇ ಆರಂಭಿಸಬೇಕು.

ಆ ಸಾಲು ‘ಡಿಸ್ಟ್‌ಯೂಟಿಲ್ಸ್ ಸಿಗಲಿಲ್ಲ’ ಎಂದರೆ ತಪ್ಪು ಆ್ಯಪ್‌ನದಲ್ಲ. 2023ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.12 ಆ ಭಾಗವನ್ನು ಕೈಬಿಟ್ಟಿತು; ಹಳೆಯ ನೋಡ್-ಜಿಪ್ ಅದನ್ನೇ ನಂಬಿಕೊಂಡಿತ್ತು. ನೋಡ್-ಜಿಪ್ ಹೊಸದಾಗಿಸಿದರೆ ಅಥವಾ ಪೈಥಾನಿಗೆ ಸೆಟಪ್‌ಟೂಲ್ಸ್ ಸೇರಿಸಿದರೆ ದಾರಿ ತೆರೆಯುತ್ತದೆ. ವಿಂಡೋಸಿನಲ್ಲಿ ಎಲ್‌ಎನ್‌ಕೆ 1112 ಎಂಬ ದೋಷಸಂಖ್ಯೆ ಕಂಡರೆ 32 ಬಿಟ್ ಮತ್ತು 64 ಬಿಟ್ ತುಂಡುಗಳನ್ನು ಒಂದಕ್ಕೊಂದು ಹೆಣೆಯಲು ಹೊರಟಂತಹ ಹೊಂದಿಕೆಗೇಡು ಇದೆ ಎಂದರ್ಥ. ಎರಡನ್ನೂ ಒಂದೇ ಬಗೆಗೆ ತರಬೇಕು.

ಬಿಲ್ಡ್ ಮುಗಿದ ಮೇಲೂ ಆ್ಯಪ್ ತೆರೆದೊಡನೆ ಬೇರೊಂದು ದೋಷ ಎದುರಾಗಬಹುದು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಎಂಬ ತಂತ್ರಾಂಶದ ಪ್ರತಿ ಮುಖ್ಯ ಆವೃತ್ತಿಗೆ ಒಂದು ಹೊಂದಿಕೆ ಸಂಖ್ಯೆ ಇದೆ: 18ಕ್ಕೆ 108, 20ಕ್ಕೆ 115, 22ಕ್ಕೆ 127. ಎಲೆಕ್ಟ್ರಾನ್ ತನ್ನದೇ ಬೇರೆ ಸಂಖ್ಯೆ ಬಳಸುತ್ತದೆ. ಹಾಗಾಗಿ ಸಾದಾ ನೋಡ್‌ಗೆಂದು ಕಟ್ಟಿದ ಡ್ರೈವರ್ ಎಲೆಕ್ಟ್ರಾನಿನ ಒಳಗೆ ಸಾಮಾನ್ಯವಾಗಿ ಕೂರುವುದಿಲ್ಲ. ಎಲೆಕ್ಟ್ರಾನ್-ರೀಬಿಲ್ಡ್ ಎಂಬ ಸಾಧನ ಡ್ರೈವರನ್ನು ಆ ಸಂಖ್ಯೆಗೆ ಹೊಂದುವಂತೆ ಮತ್ತೆ ಕಟ್ಟುತ್ತದೆ.

ಇಷ್ಟಾದರೂ ದೋಷ ಬಿಡದಿದ್ದರೆ ಹಿಂದಿನ ಪ್ರಯತ್ನದ ಉಳಿಕೆ ಕಡತಗಳ ಮೇಲೆ ಸಂಶಯ ಪಡಬೇಕು. ನೋಡ್ ಮಾಡ್ಯೂಲ್‌ಗಳ ಕೋಶವನ್ನು ಅಳಿಸಿ ಹೊಸದಾಗಿ ಕಟ್ಟಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ ಪರೀಕ್ಷಿಸಿದರೆ ಮಾತ್ರ ಯಾವುದು ಮದ್ದಾಯಿತೆಂದು ತಿಳಿಯುತ್ತದೆ. ಕೊನೆಗೆ ಕೂಡಿಬಂದ ನೋಡ್, ಎಲೆಕ್ಟ್ರಾನ್, ಪೈಥಾನ್ ಮತ್ತು ಡ್ರೈವರ್ ಆವೃತ್ತಿಗಳನ್ನು ಬರೆದಿಟ್ಟರೆ ಮುಂದಿನ ಕಂಪ್ಯೂಟರಿನಲ್ಲಿ ಅದೇ ಕೆಲಸ ಮೊದಲಿನಿಂದ ಮಾಡಬೇಕಾಗುವುದಿಲ್ಲ.